ದಿನದ ಮಳೆಯನ್ನು 24ರಿಂದ ಭಾಗಿಸಬಹುದೇ?

ಪ್ರಶ್ನೆ: ನಮ್ಮೂರಲ್ಲಿ 24 ಗಂಟೆಗೆ 150 ಮಿ.ಮೀ. ಮಳೆ. ಅಂದರೆ ಗಂಟೆಗೆ ಆರು ಚಿಲ್ಲರೆ. ಅಷ್ಟಕ್ಕೇ ಚರಂಡಿ ಉಕ್ಕಿ ಮನೆಯೊಳಗೆ ನೀರು ನುಗ್ಗಿದ್ದು ಹೇಗೆ?

ಉತ್ತರ: ಆ ಭಾಗಾಕಾರವೇ ತಪ್ಪು. ಗುಡುಗುಮೋಡದ ಜೋರು ಸಾಮಾನ್ಯವಾಗಿ ಅರ್ಧ, ಮುಕ್ಕಾಲು ಗಂಟೆಯದು. ಉಳಿದ ಹೊತ್ತು ಜಿನುಗು, ಬಿಡುವು. ಗಂಟೆವಾರು ದಾಖಲೆ ಇಲ್ಲದ ಕಡೆ ಎಂಜಿನಿಯರುಗಳು ಹವಾಮಾನ ಇಲಾಖೆಯ ಘನಮೂಲ ಸೂತ್ರ ಬಳಸುತ್ತಾರೆ. ಬೇಕಾದ ಗಂಟೆಗಳನ್ನು 24ರಿಂದ ಭಾಗಿಸಿ, ಬಂದದ್ದರ ಘನಮೂಲ ತೆಗೆದು, ದಿನದ ಮಳೆಯಿಂದ ಗುಣಿಸಿ. 150 ಮಿ.ಮೀ.ಗೆ ಮೂರು ಗಂಟೆಯ ಮಳೆ 75, ಒಂದು ಗಂಟೆಯದು 52. 30×40 ಅಡಿ ತಾರಸಿಯ ಮೇಲೆ ಆ ಗಂಟೆ ಬೀಳುವ ನೀರು 5,800 ಲೀಟರ್. ನಿಮ್ಮ ಲೆಕ್ಕದಲ್ಲಿ ಬರೀ 700. ಇದು ಅಂದಾಜು ಮಾತ್ರ: ಬಿಡದೆ ಹಿಡಿದ ಜಡಿಮಳೆಗೆ ಹೆಚ್ಚು ತೋರಿಸೀತು, ಬೇಸಿಗೆಯ ಗುಡುಗುಮಳೆಗೆ ಕಡಿಮೆ.

ಜಗತ್ತಿನ ದಾಖಲೆಗಳಲ್ಲೂ ಇಂಥದೇ ನಡೆ ಕಾಣುತ್ತದೆ, ಅಲ್ಲಿ ಘನಮೂಲದ ಬದಲು ವರ್ಗಮೂಲ ಅಷ್ಟೇ. ಕೆರಿಬಿಯನ್ ದ್ವೀಪವಾದ ಗ್ವಾಡೆಲೂಪ್‌ನಲ್ಲಿ 1970ರಲ್ಲಿ ಒಂದು ನಿಮಿಷಕ್ಕೆ 38 ಮಿ.ಮೀ., ಚಿರಾಪುಂಜಿಯಲ್ಲಿ 1860–61ರ ಹನ್ನೆರಡು ತಿಂಗಳಿಗೆ 26,461. ಕಾಲ ಐದೂಕಾಲು ಲಕ್ಷ ಪಟ್ಟು ಬೆಳೆದರೆ ಮಳೆ ಬೆಳೆದದ್ದು ಸುಮಾರು 700 ಪಟ್ಟು. ಐದೂಕಾಲು ಲಕ್ಷದ ವರ್ಗಮೂಲ 725! ನಿಸರ್ಗದ ಈ ಅಚ್ಚುಕಟ್ಟು ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಪ್ರಶ್ನೆ: ರೇಡಾರ್ ದತ್ತಾಂಶದಿಂದ 15 ನಿಮಿಷದ ಗರಿಷ್ಠ ಮಳೆ ತೆಗೆಯುವುದು ಹೇಗೆ?

ಉತ್ತರ: ರೇಡಾರ್ ಅಳೆಯುವುದು ಮಳೆಯನ್ನಲ್ಲ, ಹನಿಗಳಿಂದ ಮರಳಿದ ಅಲೆಯ ಬಲವನ್ನು. ಆ ಬಲದ ಮಾನ ಡಿಬಿಝಡ್. ಅದು 50 ಇದ್ದರೆ, ಬಲವನ್ನು ಮಳೆಯ ದರಕ್ಕೆ ಬದಲಿಸುವ ಮಾರ್ಷಲ್–ಪಾಮರ್ ಸೂತ್ರದಂತೆ ಗಂಟೆಗೆ 49 ಮಿ.ಮೀ.; ಗುಡುಗುಮಳೆಗೆಂದೇ ಇರುವ ಸೂತ್ರದಂತೆ 63. ಆಲಿಕಲ್ಲು ಸೇರಿದರೆ ಎರಡೂ ವಿಪರೀತ ಏರುತ್ತವೆ, ಆದ್ದರಿಂದ 53 ಡಿಬಿಝಡ್ ಆಚೆಯದನ್ನು ಅಲ್ಲಿಗೇ ಕತ್ತರಿಸಿ. ಮೊದಲು ಪ್ರತಿ ಚಿತ್ರವನ್ನೂ ಮಳೆಯ ದರಕ್ಕೆ ಬದಲಿಸಿ, ಆಮೇಲೆ ಸರಾಸರಿ ತೆಗೆಯಿರಿ. ಡಿಬಿಝಡ್ ಲಾಗರಿತಮ್ ಮಾನ, ಅಂದರೆ ಅದು 10 ಏರಿದರೆ ಅಲೆಯ ಬಲ ಹತ್ತು ಪಟ್ಟು. ಅದನ್ನೇ ಸರಾಸರಿ ಮಾಡಿದರೆ ಜೋರುಮಳೆ ಕುಗ್ಗಿಹೋಗುತ್ತದೆ.

ಹತ್ತು ನಿಮಿಷಕ್ಕೊಂದು ಚಿತ್ರವಾದರೆ ಓಡುವ ಮೋಡ ನಡುವೆ ಜಾಗ ಹಾರಿಬಿಡುತ್ತದೆ, ಮೊತ್ತದ ನಕ್ಷೆಯಲ್ಲಿ ಚುಕ್ಕಿಗಳ ಸಾಲು ಮೂಡುತ್ತದೆ. ಮೋಡದ ಚಲನೆಯ ಗುಂಟ ನಡುವಿನ ನಿಮಿಷಗಳನ್ನು ತುಂಬಲೇಬೇಕು. ಬಳಿಕ 15, 30, 60, 180 ನಿಮಿಷಗಳ ಕಾಲದ ಕಿಟಕಿಯನ್ನು ನಿಮಿಷ ನಿಮಿಷಕ್ಕೂ ಮುಂದೆ ಜಾರಿಸುತ್ತ ಗರಿಷ್ಠ ಹುಡುಕಿ. ಗಡಿಯಾರದ ಗಂಟೆಗೆ ಕಟ್ಟಿಹಾಕಿದರೆ ಸುರಿತದ ಶಿಖರವೇ ಎರಡು ತುಂಡಾಗುತ್ತದೆ. ಬೆಳಗಿನ 8:30ಕ್ಕೆ ಅಳೆಯುವ ದಿನದ ಮಳೆಗೂ ಇದೇ ದೋಷ. ಸರಿಪಡಿಸಲು ದಿನದ ಗರಿಷ್ಠವನ್ನು 1.13ರಿಂದ ಗುಣಿಸುವುದು ರೂಢಿ.

ಕೊನೆಗೆ ಒಟ್ಟು ಮೊತ್ತವನ್ನು ಮಳೆಮಾಪಕಕ್ಕೆ ಹೋಲಿಸಿ ತಿದ್ದಿ. ಏಕೆಂದರೆ ನೆಲಮಟ್ಟದಿಂದ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ರೇಡಾರ್ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರಕ್ಕೇರಿರುತ್ತದೆ. ಘಟ್ಟದ ಮಳೆ ಅದರ ಕೆಳಗೇ ಸುರಿದುಹೋದೀತು.

ಪ್ರಶ್ನೆ: ಮಾಪಕವೇ ಅಂತಿಮವಾದರೆ ರೇಡಾರ್ ಏಕೆ?

ಉತ್ತರ: 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಅದೇ ನಗರದ ಕೊಲಾಬಾದಲ್ಲಿ ಸುಮಾರು 74. ಎರಡು ಮಾಪಕಗಳ ನಡುವೆ ಮಳೆ ಎಲ್ಲಿ, ಎಷ್ಟು ಹೊತ್ತು ನಿಂತಿತ್ತೆಂದು ತೋರಿಸಬಲ್ಲದ್ದು ರೇಡಾರ್.