ಸಾವಿನಂಚಿನಲ್ಲಿ ಶಾಂತಿ, ಕನಸಿನಲ್ಲಿ ಭಯ, ಮಗಳ ಮದುವೆಯಲ್ಲಿ ಮಾತ್ರ ಏನೂ ಇಲ್ಲ

ಪ್ರಶ್ನೆ: ನಾನು ಶಿಡ್ಲಘಟ್ಟದವನು, ವಯಸ್ಸು 52. ರೇಷ್ಮೆ ನೂಲು ಬಿಚ್ಚಣಿಕೆ ನಮ್ಮ ಕಸುಬು. ಕಳೆದ ವರ್ಷ ಹೃದಯಾಘಾತವಾಯಿತು. ಆಸ್ಪತ್ರೆಯಲ್ಲಿ ಹೃದಯ ನಿಂತೇ ಹೋಗಿತ್ತಂತೆ. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿದರು. ಆ ಹೊತ್ತಿನಲ್ಲಿ ನೋವೆಲ್ಲ ಇಳಿದುಹೋಗಿ, ಬೆಳ್ಳನೆಯ ಬೆಳಕಿನಲ್ಲಿ ತೀರಿಕೊಂಡ ನಮ್ಮ ತಾಯಿ ನಿಂತಿದ್ದನ್ನು ಕಂಡೆ. ಅಂಥ ಶಾಂತಿಯನ್ನು ನಾನು ಬದುಕಿನಲ್ಲಿ ಕಂಡಿರಲಿಲ್ಲ. ಈಗ ವಾರಕ್ಕೆ ಮೂರ್ನಾಲ್ಕು ಸಲ ಬೆಳಗಿನ ಜಾವ ಒಂದೇ ಕೆಟ್ಟ ಕನಸು. ಬೇಸಿನ್ನಿನ ಕುದಿನೀರಿನಲ್ಲಿ ಕೈ ಸಿಕ್ಕಿಕೊಂಡಿರುತ್ತದೆ, ನೂಲು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿರುತ್ತದೆ, ಕೂಗಿದರೆ ದನಿ ಬರುವುದಿಲ್ಲ. ಎರಡು ತಿಂಗಳ ಹಿಂದೆ ಮಗಳ ಮದುವೆಯಾಯಿತು. ಧಾರೆ ಎರೆಯುವಾಗಲೂ ನನಗೆ ಏನೂ ಅನ್ನಿಸಲಿಲ್ಲ. ಸಾವಿನಲ್ಲಿ, ಕನಸಿನಲ್ಲಿ ಇರುವ ಭಾವನೆ ಬದುಕಿನಲ್ಲಿ ಏಕಿಲ್ಲ? ಹಾಗಾದರೆ ನಿಜ ಯಾವುದು? ಮನೆಯವರು ಶಾಂತಿ ಮಾಡಿಸೋಣ ಎನ್ನುತ್ತಿದ್ದಾರೆ. ಮೆಟೊಪ್ರೊಲಾಲ್ ಸೇರಿ ಐದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ: ಧಾರೆಯ ಹೊತ್ತಿನಲ್ಲಿ ಏನೂ ಅನ್ನಿಸಲಿಲ್ಲ ಎಂದಿರಲ್ಲ, ಅಲ್ಲಿಂದಲೇ ಶುರುಮಾಡುತ್ತೇನೆ. ತಡಮಾಡದೆ ಚಿಕಿತ್ಸೆ ಬೇಕಾಗಿರುವುದು ಅದಕ್ಕೆ. ಹೃದಯಾಘಾತದಿಂದ ಉಳಿದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ಎಂಟು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳು ಕಾಣಿಸುತ್ತವೆ. ಯುದ್ಧ, ಅಪಘಾತಗಳನ್ನು ಕಂಡವರಿಗಷ್ಟೇ ಅದು ಬರುತ್ತದೆ ಎಂದು ಜನ ತಿಳಿದಿದ್ದಾರೆ; ತನ್ನದೇ ಎದೆ ಕೈಕೊಟ್ಟವನಿಗೂ ಬರುತ್ತದೆ. ರಾತ್ರಿ ದುಃಸ್ವಪ್ನ, ಹಗಲು ಮರಗಟ್ಟಿದ ಮನಸ್ಸು, ಎರಡೂ ಅದರ ಲಕ್ಷಣಗಳೇ. ಭಯವನ್ನು ಅದುಮಿಡುವ ಮನಸ್ಸು ಅದರ ಜೊತೆಗೇ ಸಂತೋಷವನ್ನೂ ಅದುಮಿಬಿಡುತ್ತದೆ. ಮಗಳ ಮೇಲಿನ ಪ್ರೀತಿ ಬತ್ತಿತೆಂದು ನಿಮ್ಮನ್ನು ನೀವು ದೂಷಿಸಿಕೊಳ್ಳುತ್ತಿದ್ದರೆ ದಯವಿಟ್ಟು ಅದನ್ನು ಬಿಡಿ. ಪ್ರೀತಿಯಿಲ್ಲದ ತಂದೆ ಈ ಪತ್ರ ಬರೆಯುತ್ತಿರಲಿಲ್ಲ.

ಇನ್ನು ಕನಸು. ರಾತ್ರಿಯ ಕೊನೆಯ ಭಾಗದಲ್ಲಿ ರೆಮ್ ನಿದ್ರೆ ಹೆಚ್ಚು. ಮುಚ್ಚಿದ ರೆಪ್ಪೆಯೊಳಗೆ ಕಣ್ಣಾಲಿಗಳು ಸರಸರನೆ ಓಡಾಡುವ ಹಂತ ಅದು. ಕೆಟ್ಟ ಕನಸು ಬೆಳಗಿನ ಜಾವಕ್ಕೇ ಬೀಳುವುದು ಇದರಿಂದ. ಮಿದುಳಿನಲ್ಲಿ ಭಯವನ್ನು ಹುಟ್ಟಿಸುವ ಅಮಿಗ್ಡಲದಂಥ ಭಾಗಗಳು ಆಗ ಚುರುಕಾಗಿರುತ್ತವೆ. ‘ಇದು ಹೀಗಿರಲು ಸಾಧ್ಯವೇ’ ಎಂದು ತೂಗಿ ನೋಡುವ, ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಭಯಕ್ಕೆ ಕಡಿವಾಣ ಹಾಕುವವರೇ ಇಲ್ಲ. ಕೈಕಾಲಿನ ಸ್ನಾಯುಗಳೂ ಆ ಹಂತದಲ್ಲಿ ಸಡಿಲಗೊಂಡಿರುತ್ತವೆ. ಕೂಗಿದರೆ ದನಿ ಬಾರದ ನಿಮ್ಮ ಅನುಭವಕ್ಕೂ ಇದಕ್ಕೂ ನಂಟಿರಬಹುದು.

ನಿಮ್ಮ ಮಾತ್ರೆಯನ್ನೂ ನೋಡಬೇಕು. ಮೆಟೊಪ್ರೊಲಾಲ್, ಹೃದಯದ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಗುಂಪಿನದು. ಮಿದುಳಿನೊಳಕ್ಕೆ ಸುಲಭವಾಗಿ ಸೇರುವ ಈ ಬಗೆಯ ಮಾತ್ರೆಗಳು ಕೆಲವರಿಗೆ ಎದ್ದುಕಾಣುವ ಕನಸು, ದುಃಸ್ವಪ್ನಗಳನ್ನು ತರುತ್ತವೆ. ಕನಸು ಮಾತ್ರೆಯ ಜೊತೆಗೇ ಶುರುವಾಯಿತೇ, ಪ್ರಮಾಣ ಹೆಚ್ಚಿಸಿದ ಮೇಲೆ ಬಂತೇ ಎಂದು ನೆನಪು ಮಾಡಿಕೊಂಡು ಹೃದಯ ತಜ್ಞರಿಗೆ ತಿಳಿಸಿ. ಬೇಕಿದ್ದರೆ ಅವರು ಬೇರೆ ಮಾತ್ರೆಗೆ ಬದಲಿಸಬಲ್ಲರು. ಆದರೆ ಒಂದು ಹೊತ್ತೂ ನೀವಾಗಿಯೇ ಬಿಡಬೇಡಿ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು, ಇನ್ನೊಂದು ಹೃದಯಾಘಾತವೂ ಆಗಬಹುದು.

ಈಗ ನೀವು ಕಂಡ ಬೆಳಕಿನ ವಿಷಯ. ಅದನ್ನು ಭ್ರಮೆ ಎಂದು ತಳ್ಳಿಹಾಕುವವನು ನಾನಲ್ಲ. ಹೃದಯ ನಿಂತು ಮರಳಿ ಬದುಕಿದ 344 ಜನರನ್ನು ನೆದರ್ಲೆಂಡ್ಸ್‌ನ ವೈದ್ಯ ಪಿಮ್ ವಾನ್ ಲಾಮೆಲ್ ಮತ್ತು ಸಂಗಡಿಗರು ಮಾತನಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 62 ಮಂದಿ ಇಂಥ ಅನುಭವವನ್ನು ಹೇಳಿದ್ದರು. ನೀವು ಒಬ್ಬಂಟಿಯಲ್ಲ. ನಮ್ಮ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಅವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್ಸನ್ ಜೊತೆಗೂಡಿ 1986ರಲ್ಲಿ ಭಾರತದ 16 ಪ್ರಕರಣಗಳನ್ನು ವರದಿ ಮಾಡಿದರು. ಯಮದೂತರು ಬಂದು ಕರೆದೊಯ್ದದ್ದು, ‘ಬೇರೆಯವನನ್ನು ತಂದಿದ್ದೀರಿ’ ಎಂದು ಅಲ್ಲಿಂದ ವಾಪಸು ಕಳಿಸಿದ್ದು, ಇಂಥ ವಿವರಗಳು ಅದರಲ್ಲಿವೆ. ಚಿಕ್ಕಂದಿನಿಂದ ಕೇಳಿದ ಕಥೆ, ಕಟ್ಟಿಕೊಂಡ ನಂಬಿಕೆ, ಕಳೆದುಕೊಂಡ ಮುಖಗಳು ಆ ಗಳಿಗೆಗೂ ಬಣ್ಣ ಕೊಡುತ್ತವೆ ಎಂದು ನನಗೆ ಇದರಿಂದ ಅನ್ನಿಸುತ್ತದೆ. ನಿಮಗೆ ತಾಯಿ ಕಂಡರು.

ಆ ನೆನಪು ಇಷ್ಟು ಗಾಢವಾಗಿರುವುದರಲ್ಲೂ ಸೋಜಿಗವಿಲ್ಲ. ಬೆಲ್ಜಿಯಂನ ಲಿಯೆಜ್ ವಿಶ್ವವಿದ್ಯಾಲಯದವರು 2013ರಲ್ಲಿ ಹೋಲಿಸಿ ನೋಡಿದಾಗ, ಸಾವಿನಂಚಿನ ಅನುಭವಗಳ ನೆನಪು ನಿಜವಾಗಿ ನಡೆದ ಘಟನೆಗಳ ನೆನಪಿಗಿಂತಲೂ ವಿವರಗಳಿಂದ, ಭಾವನೆಯಿಂದ ತುಂಬಿತ್ತು. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಜಿಮೊ ಬೋರ್ಜಿಗಿನ್ ಅವರ ತಂಡ, ಇಲಿಗಳ ಹೃದಯ ನಿಂತ ಮೊದಲ 30 ಸೆಕೆಂಡುಗಳಲ್ಲಿ ಮಿದುಳಿನ ವಿದ್ಯುತ್ ಚಟುವಟಿಕೆ ಒಮ್ಮೆಲೇ ಏರುವುದನ್ನು ದಾಖಲಿಸಿತು. 2023ರಲ್ಲಿ, ಕೃತಕ ಉಸಿರಾಟ ನಿಲ್ಲಿಸಿದ ನಾಲ್ವರು ರೋಗಿಗಳಲ್ಲಿ ಇಬ್ಬರಲ್ಲೂ ಅಂಥದೇ ಏರಿಕೆ ಕಂಡಿತು. ಅವರು ಮರಳಿ ಬಂದು ಹೇಳಲಿಲ್ಲವಾದ್ದರಿಂದ ಆ ಏರಿಕೆಯೇ ನಿಮ್ಮ ಬೆಳಕು ಎನ್ನಲು ಬರುವುದಿಲ್ಲ. ಸಾಯುವ ಮಿದುಳು ಸುಮ್ಮನೆ ಆರಿಹೋಗುವುದಿಲ್ಲ ಎನ್ನಬಹುದು.

‘ನಿಜ ಯಾವುದು’ ಎಂದು ಕೇಳಿದ್ದೀರಿ. ಭಾವನೆ ತೀವ್ರವಾಗಿದ್ದ ಮಾತ್ರಕ್ಕೆ ಅದೇ ಹೆಚ್ಚು ನಿಜ ಎಂದು ನೀವು ಲೆಕ್ಕ ಹಾಕುತ್ತಿರುವಂತಿದೆ. ಆ ಲೆಕ್ಕವನ್ನೇ ಮುಂದುವರಿಸಿದರೆ ಕುದಿನೀರಿನ ಕನಸನ್ನೂ ಬೆಳಕಿನಷ್ಟೇ ನಂಬಬೇಕಾಗುತ್ತದೆ. ಅದನ್ನು ನೀವು ನಂಬುತ್ತಿಲ್ಲ, ಎದ್ದ ಕೂಡಲೇ ಕನಸೆಂದು ತಿಳಿಯುತ್ತೀರಿ. ಭಾವನೆಯ ತೀವ್ರತೆ ಆ ಗಳಿಗೆಯಲ್ಲಿ ಮಿದುಳು ಯಾವ ಸ್ಥಿತಿಯಲ್ಲಿತ್ತು ಎಂದು ಹೇಳುತ್ತದೆ. ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳುವುದಿಲ್ಲ. ಮದುವೆಯ ದಿನ ನಿಮ್ಮ ಮಿದುಳು ದಣಿದು ಕುಗ್ಗಿತ್ತು. ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ಎರಡು ಮತ್ತು ಎಂಟು ವರ್ಷಗಳ ಬಳಿಕ ಮತ್ತೆ ಮಾತನಾಡಿಸಿದಾಗ, ಈ ಅನುಭವ ಪಡೆದವರಲ್ಲಿ ಸಾವಿನ ಭಯ ಇಳಿದಿತ್ತು, ಮನೆಮಂದಿಯ ಮೇಲಿನ ಅಕ್ಕರೆ ಹೆಚ್ಚಿತ್ತು. ಹಾಗಾಗಿ ನಿಮ್ಮ ಮಂಕುತನವನ್ನು ಆ ಬೆಳಕಿನ ಲೆಕ್ಕಕ್ಕೆ ಹಾಕಲು ನಾನು ಒಪ್ಪುವುದಿಲ್ಲ. ಅದು ಬೇರೆಯೇ ಕಾಯಿಲೆ, ವಾಸಿಯಾಗುವ ಕಾಯಿಲೆ.

ಕನಸಿಗೆ ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ. ಹಗಲು ಹೊತ್ತಿನಲ್ಲಿ, ಗೂಡಿನ ಹರಾಜು ಮುಗಿಸಿ ಬಂದ ಮೇಲೆ, ಹತ್ತು ಹದಿನೈದು ನಿಮಿಷ ಕುಳಿತು ಆ ಕನಸಿನ ಕಥೆಯನ್ನು ಬದಲಿಸಿ ಬರೆಯಿರಿ. ಬೇಸಿನ್ನಿನ ಮುಂದೆ ನೀವು ಕೂತಿದ್ದೀರಿ. ನೂಲು ಬೆರಳಿಗೆ ಸುತ್ತಿಕೊಂಡಿತು. ನೀವು ಕೂಗಿದಿರಿ, ದನಿ ಬಂತು. ಪಕ್ಕದಲ್ಲಿದ್ದವರು ಓಡಿಬಂದು ಯಂತ್ರ ನಿಲ್ಲಿಸಿದರು, ನೂಲು ಕತ್ತರಿಸಿದರು, ನೀವು ಕೈಯನ್ನು ತಣ್ಣೀರಿಗೆ ಹಿಡಿದಿರಿ. ಬದಲಾವಣೆ ನಿಮಗೆ ಒಪ್ಪುವ ಹಾಗಿರಲಿ, ನಾನು ಹೇಳಿದ್ದೇ ಆಗಬೇಕಿಲ್ಲ. ಹಳೆಯ ಕನಸನ್ನು ಕೆದಕದೆ ಹೊಸ ಕಥೆಯನ್ನಷ್ಟೇ ದಿನವೂ ಕಣ್ಣಮುಂದೆ ತಂದುಕೊಳ್ಳಿ. ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರ ಮೇಲಿನ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಈ ಅಭ್ಯಾಸ ಮಾಡಿದವರಲ್ಲಿ ದುಃಸ್ವಪ್ನ ಕಡಿಮೆಯಾಗಿ ನಿದ್ರೆ ಸುಧಾರಿಸಿತ್ತು. ಕೆಲವು ವಾರ ಬಿಡದೆ ಮಾಡಬೇಕು. ನಿದ್ರೆ ಬರಲೆಂದು ಮದ್ಯ ಕುಡಿಯುತ್ತಿದ್ದರೆ ನಿಲ್ಲಿಸಿ, ಅದರ ಅಮಲು ಇಳಿಯುವ ಹೊತ್ತಿಗೆ ಕನಸು ಇನ್ನಷ್ಟು ಕೆರಳುತ್ತದೆ. ಆದರೆ ದಿನವೂ ಹೆಚ್ಚು ಕುಡಿಯುವ ರೂಢಿಯಿದ್ದರೆ ವೈದ್ಯರ ಸಲಹೆಯಂತೆಯೇ ಬಿಡಬೇಕು.

ಶಾಂತಿ ಮಾಡಿಸಿದರೆ ಮನೆಯವರಿಗೆ ನೆಮ್ಮದಿ ಎಂದಾದರೆ ಮಾಡಿಸಿ. ಅದಕ್ಕಾಗಿ ಸಾಲ ಮಾಡಬೇಡಿ, ಚಿಕಿತ್ಸೆಯನ್ನು ಮುಂದೂಡಬೇಡಿ.

ನೀವು ಬರೆಯದ ಒಂದು ಮಾತನ್ನು ನಾನೇ ಕೇಳುತ್ತೇನೆ. ಸತ್ತರೆ ಆ ಶಾಂತಿ ಮತ್ತೆ ಸಿಗುತ್ತದೆ ಎಂಬ ಯೋಚನೆ ಬಂದಿದೆಯೇ? ಬಂದಿದ್ದರೆ ಇವತ್ತೇ ಮನೆಯವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಬಂದಿಲ್ಲವಾದರೂ ಈ ವಾರ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಡಿಸ್ಚಾರ್ಜ್ ಪತ್ರ, ಮಾತ್ರೆಯ ಚೀಟಿ ಜೊತೆಗಿರಲಿ. ಮನೆಯವರನ್ನೂ ಕರೆದುಕೊಂಡು ಹೋಗಿ. ನಿದ್ರೆಯಲ್ಲಿ ಜೋರು ಗೊರಕೆಯ ನಡುವೆ ನಿಮ್ಮ ಉಸಿರು ಕಟ್ಟುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ, ಅದಕ್ಕೆ ಉತ್ತರ ಮನೆಯವರಿಗೇ ಗೊತ್ತಿರುವುದು.