ಮಾವನ ಹೆಸರು, ಮಗನ ಹೆಸರು

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಪತಿಯ ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಮೂರು ತಿಂಗಳ ಹಿಂದೆ ನಮಗೆ ಗಂಡುಮಗು ಹುಟ್ಟಿತು. ಅದಕ್ಕೆ ಸ್ವಲ್ಪ ಮೊದಲು ಮಾವನವರು ತೀರಿಕೊಂಡಿದ್ದರು. ಅವರೇ ಮತ್ತೆ ಹುಟ್ಟಿ ಬಂದಿದ್ದಾರೆ, ಮಗುವಿಗೆ ತಿಪ್ಪೇಸ್ವಾಮಿ ಎಂದೇ ಹೆಸರಿಡಬೇಕು ಎಂಬುದು ಅತ್ತೆಯವರ ಹಟ. ನನ್ನ ತರಗತಿಯಲ್ಲಿ ನನ್ನ ಹೆಸರಿನವರೇ ನಾಲ್ವರಿದ್ದೆವು. ಮಗನಿಗಾದರೂ ಅಪರೂಪದ ಹೆಸರಿರಲಿ ಎಂದು ಬಸುರಿಯಾಗಿದ್ದಾಗಲೇ ವಿಹಾನ್ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ತಿಪ್ಪೇಸ್ವಾಮಿ ಹಳೆಯ ಕಾಲದ ಹೆಸರು, ಶಾಲೆಯಲ್ಲಿ ಮಕ್ಕಳು ‘ತಿಪ್ಪೆ’ ಎಂದು ಗೇಲಿ ಮಾಡುತ್ತಾರೆ ಎಂದು ಹೇಳಿದ ದಿನದಿಂದ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಾರೆ. ಪತಿ ‘ನೀವಿಬ್ಬರೂ ಒಪ್ಪಿದ್ದು ನನಗೂ ಒಪ್ಪಿಗೆ’ ಎಂದು ಸುಮ್ಮನಾಗಿದ್ದಾರೆ. ಜನನ ನೋಂದಣಿ ಹೆಸರಿಲ್ಲದೆಯೇ ಆಗಿದೆ. ಮುಂದಿನ ತಿಂಗಳು ತೊಟ್ಟಿಲ ಶಾಸ್ತ್ರ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಮನೆಯಲ್ಲಿ ಸಾವು ಮತ್ತು ಹುಟ್ಟು ಒಂದೇ ವರ್ಷದೊಳಗೆ ಬಂದುಹೋಗಿವೆ. ಅತ್ತೆಯವರು ಇನ್ನೂ ಮೊದಲನೆಯದರಲ್ಲೇ ಇದ್ದಾರೆ, ನೀವು ಎರಡನೆಯದರಲ್ಲಿ ಇದ್ದೀರಿ. ಇದನ್ನು ಮೊದಲು ಹೇಳಲು ಕಾರಣವಿದೆ. ಹೆಸರು ಚೆನ್ನಾಗಿದೆಯೋ ಇಲ್ಲವೋ ಎಂಬ ವಾದದಲ್ಲಿ ನೀವು ಗೆದ್ದರೂ, ನಿಮ್ಮ ಮನೆಯ ಮೌನ ಅದರಿಂದ ಮುರಿಯಲಾರದು. ಹೆತ್ತ ತಾಯಿಗೆ ಒಪ್ಪಿಗೆಯಾಗದ ಹೆಸರನ್ನು ಮಗುವಿಗೆ ಇಡಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದಿನಕ್ಕೆ ನೂರು ಸಲ ಆ ಹೆಸರನ್ನು ಕೂಗಬೇಕಾದವರು ನೀವು. ಆದರೆ ‘ಅದು ಹಳೆಯ ಕಾಲದ ಹೆಸರು’ ಎಂಬ ಕಾರಣ ನೀವು ಅಂದುಕೊಂಡಷ್ಟು ಗಟ್ಟಿಯಲ್ಲ. ಅತ್ತೆಯವರನ್ನು ನೋಯಿಸಿದ್ದೂ ಅದೇ ಮಾತು ಎಂದು ನನಗೆ ತೋರುತ್ತದೆ.

ನಿಮ್ಮ ಪತಿಯ ಊರಿನ ಮತದಾರರ ಪಟ್ಟಿ ಸಿಕ್ಕರೆ, ಅದನ್ನು ವಯಸ್ಸಿನ ಅಂಕಣದ ಮೇಲೆ ಕಣ್ಣಿಟ್ಟು ಓದಿ. ಎಪ್ಪತ್ತು ದಾಟಿದವರಲ್ಲಿ ತಿಪ್ಪೇಸ್ವಾಮಿ, ಹಾಲಪ್ಪ, ಕೊಟ್ರಪ್ಪ, ರುದ್ರಪ್ಪ, ಓಬಯ್ಯ, ತಿಪ್ಪಮ್ಮ, ಗೌರಮ್ಮ ಇರುತ್ತಾರೆ. ಐವತ್ತರ ಆಸುಪಾಸಿಗೆ ಬಂದರೆ ತಿಪ್ಪೇಶ್, ಹಾಲೇಶ್, ಕೊಟ್ರೇಶ್, ರುದ್ರೇಶ್, ನಾಗರಾಜ್ ಸಿಗುತ್ತಾರೆ; ಹೆಂಗಸರಲ್ಲಿ ಮಂಜುಳಾ, ಸುಜಾತಾ, ಶೋಭಾ. ಅಂದರೆ ಆ ತಲೆಮಾರಿನ ತಂದೆತಾಯಿಗಳು, ಗಂಡುಮಕ್ಕಳ ಮಟ್ಟಿಗಾದರೂ, ಮನೆದೇವರನ್ನು ಬಿಡದೆ ಹೆಸರಿನ ಬಾಲವನ್ನು ಮಾತ್ರ ಬದಲಿಸಿದರು. ಅಪ್ಪ, ಅಯ್ಯ ಹೋಗಿ ಈಶ, ರಾಜ ಬಂದರು. ಮೂವತ್ತರ ಸುತ್ತಲಿನವರಲ್ಲಿ ದರ್ಶನ್, ಕಾವ್ಯಾ, ಪೂಜಾ, ರಮ್ಯಾ ಕಾಣಿಸುತ್ತಾರೆ. 1989ರಲ್ಲಿ ತೆಂಡೂಲ್ಕರ್ ಭಾರತ ತಂಡಕ್ಕೆ ಬಂದ ಮೇಲೆ ಹುಟ್ಟಿದ ಸಚಿನ್‌ಗಳೂ ಇರುತ್ತಾರೆ. ಈ ತಲೆಮಾರಿನಲ್ಲಿ ಊರಿನ ದೇವರೇ ಹೆಸರಿನಿಂದ ಹೊರಗೆ ನಡೆದುಬಿಟ್ಟ. ಇನ್ನೂ ಪಟ್ಟಿಗೆ ಬಾರದ ಅಂಗನವಾಡಿಯ ಮಕ್ಕಳಲ್ಲಿ ಆರವ್, ವಿಹಾನ್, ಆದ್ಯಾ, ಅನ್ವಿ: ಎರಡು ಮೂರು ಅಕ್ಷರದ, ಸ್ವರದಿಂದಲೋ ಮೃದು ವ್ಯಂಜನದಿಂದಲೋ ಆರಂಭವಾಗುವ ಹೆಸರುಗಳು. ದಾವಣಗೆರೆಯಲ್ಲಿ ಕೂಗಿದರೂ ದೆಹಲಿಯಲ್ಲಿ ಕೂಗಿದರೂ ಇವು ಒಂದೇ ರೀತಿ ಕೇಳುತ್ತವೆ.

1997ರವರೆಗೆ ಒಂದೇ ಜಿಲ್ಲೆಯಾಗಿದ್ದ ನಮ್ಮ ದಾವಣಗೆರೆ–ಚಿತ್ರದುರ್ಗ ಸೀಮೆಯ ಹಳೆಯ ಹೆಸರುಗಳು ಹಾಗಿರಲಿಲ್ಲ. ಅವು ವಿಳಾಸವನ್ನೂ ಹೇಳುತ್ತಿದ್ದವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರ ತೇರಿಗೆ ಹರಕೆ ಹೊತ್ತ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ. ಕೊಟ್ಟೂರು ಬಸವೇಶ್ವರನಿಗೆ ನಡೆದುಕೊಳ್ಳುವವರಲ್ಲಿ ಕೊಟ್ರಪ್ಪ, ಕೊಟ್ರಮ್ಮ. ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಹೋಗಿ ಬರುವವರಲ್ಲಿ ಕರಿಬಸಪ್ಪ. ದಾವಣಗೆರೆಯ ದುಗ್ಗಮ್ಮನ ಒಕ್ಕಲಿನಲ್ಲಿ ದುರುಗಪ್ಪ, ದುರುಗಮ್ಮ. ಇಂದಿಗೂ ಬೆಂಗಳೂರಿನ ಕಚೇರಿಯೊಂದರಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರು ಕಿವಿಗೆ ಬಿದ್ದರೆ, ‘ನೀವು ದುರ್ಗದ ಕಡೆಯವರಾ?’ ಎಂದು ಕೇಳುವವರು ಒಬ್ಬರಾದರೂ ಇರುತ್ತಾರೆ. ನಿಮ್ಮ ಅತ್ತೆಯವರ ಕಿವಿಗೆ ಆ ಹೆಸರು ಹಳೆಯದಾಗಿ ಕೇಳುವುದೇ ಇಲ್ಲ. ಅವರಿಗೆ ಅದು ಒಬ್ಬ ಮನುಷ್ಯನ, ಒಂದು ಹರಕೆಯ, ಒಂದು ಊರಿನ ಹೆಸರು.

ಹೆಸರುಗಳಿಗೆ ವಯಸ್ಸಾಗುವುದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚೆಗೆ ಪ್ರತಿ ವರ್ಷ ಹುಟ್ಟಿದ ಮಕ್ಕಳ ಹೆಸರುಗಳನ್ನು ಎಣಿಸಿ ಪ್ರಕಟಿಸಿರುವುದರಿಂದ ಅಲ್ಲಿ ಇದನ್ನು ಅಂಕಿಗಳಲ್ಲೇ ನೋಡಬಹುದು. ಜೆನಿಫರ್ ಎಂಬ ಹೆಸರು 1970ರಿಂದ 1984ರವರೆಗೆ ಹದಿನೈದು ವರ್ಷ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಇಂದು ಮೊದಲ ನೂರರಲ್ಲೂ ಇಲ್ಲ. ಎಮ್ಮಾ ಎಂಬ ಹೆಸರಿನ ಕಥೆ ಇದಕ್ಕೆ ತಿರುವುಮುರುವು. 1880ರಲ್ಲಿ ಅದು ಮೂರನೆಯ ಸ್ಥಾನದಲ್ಲಿತ್ತು, 1970ರ ದಶಕದಲ್ಲಿ ನಾನೂರರ ಆಚೆಗೆ ಇಳಿದಿತ್ತು, ಅಜ್ಜಿಯರ ಹೆಸರೆಂದು ಎಲ್ಲರೂ ಬಿಟ್ಟ ಅದೇ ಹೆಸರು 2008ರಲ್ಲಿ ಮೊದಲ ಸ್ಥಾನಕ್ಕೆ ಏರಿತು. ಸ್ಟ್ಯಾನ್ಲಿ ಲೀಬರ್ಸನ್ ಎಂಬ ಸಮಾಜಶಾಸ್ತ್ರಜ್ಞರು ಈ ಏರಿಳಿತಗಳನ್ನು ಬಹುಕಾಲ ಅಧ್ಯಯನ ಮಾಡಿ, ಇವಕ್ಕೆಲ್ಲ ಹೊರಗಿನ ದೊಡ್ಡ ಕಾರಣ ಬೇಕಿಲ್ಲ, ಅಭಿರುಚಿ ತನ್ನೊಳಗಿನ ಚಲನೆಯಿಂದಲೇ ಬದಲಾಗುತ್ತ ಹೋಗುತ್ತದೆ ಎಂದು ತೋರಿಸಿದರು. ಈಗಷ್ಟೇ ಬಳಕೆಯಲ್ಲಿರುವುದಕ್ಕಿಂತ ತುಸು ಬೇರೆಯದು ಬೇಕು, ತೀರಾ ಬೇರೆಯದು ಬೇಡ ಎಂದು ಪ್ರತಿಯೊಂದು ತಲೆಮಾರಿಗೂ ಅನಿಸುತ್ತದೆ. ಹಾಗಾಗಿ ತಂದೆತಾಯಿಯ ಮತ್ತು ಅಜ್ಜ ಅಜ್ಜಿಯರ ಹೆಸರುಗಳು ಹಳತೆನಿಸುತ್ತವೆ. ಅವರಿಗಿಂತ ಹಿಂದಿನವರದು, ಆ ಹೆಸರಿನ ಮುದುಕರನ್ನು ಕಂಡವರೇ ಇಲ್ಲವಾದಾಗ, ಹೊಸದಾಗಿ ಕೇಳತೊಡಗುತ್ತದೆ.

ನಮ್ಮಲ್ಲಿಯೂ ಅಂಥ ಮರಳುವಿಕೆ ಆರಂಭವಾಗಿದೆ. ಆದರೆ ನಮ್ಮ ಹೆಸರುಗಳು ಮರಳುವಾಗ ಅಪ್ಪ, ಅಮ್ಮಗಳನ್ನು ಹೊರಗೆ ಕಳಚಿಟ್ಟು ಬರುತ್ತವೆ. ಗೌರಮ್ಮ ಹೋದವಳು ಗೌರಿಯಾಗಿ ಬರುತ್ತಿದ್ದಾಳೆ, ಜಾನಕಮ್ಮ ಜಾನಕಿಯಾಗಿ, ರುದ್ರಪ್ಪ ರುದ್ರನಾಗಿ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ನೀವು ಆರಿಸಿದ ವಿಹಾನ್ ಬಗ್ಗೆ ಒಂದು ಮಾತು. ಹೆಸರು ಮುದ್ದಾಗಿದೆ, ಅದನ್ನು ಇಷ್ಟಪಟ್ಟಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಅಪರೂಪದ್ದಲ್ಲ. ನಿಮ್ಮದೇ ಶಾಲೆಯ ಎಲ್‌ಕೆಜಿ, ಯುಕೆಜಿ ಹಾಜರಿ ಪುಸ್ತಕಗಳನ್ನು ತೆಗೆದು ನೋಡಿದರೆ ವಿಹಾನ್, ಅದರ ನೆರೆಯ ವಿವಾನ್, ಇಶಾನ್, ರಿಹಾನ್ ಎಷ್ಟಿದ್ದಾರೆಂದು ನಿಮಗೇ ತಿಳಿಯುತ್ತದೆ. ನಿಮ್ಮ ತಂದೆತಾಯಿ ನಿಮಗೆ ಹೆಸರಿಟ್ಟ ಕಾಲದಲ್ಲಿ ಅವರಿಗೂ ಅದು ಹೊಸದೇ ಆಗಿತ್ತು. ಪಕ್ಕದ ಬೀದಿಯ ದಂಪತಿಗೂ ಅದೇ ವರ್ಷ ಅದೇ ಹೆಸರು ಹೊಳೆದಿತ್ತು, ಹೀಗಾಗಿ ನೀವು ನಾಲ್ವರಾದಿರಿ. ಇನ್ನು ಮೂವತ್ತು ವರ್ಷ ಕಳೆದ ಮೇಲೆ ವಿಹಾನ್ ಎಂಬುದು 2020ರ ಆಚೀಚೆ ಹುಟ್ಟಿದವರ ಗುರುತಾಗುತ್ತದೆ, ಇಂದು ರಮೇಶ್, ಸುರೇಶ್ ಎಂದೊಡನೆ ನಾವು ವಯಸ್ಸನ್ನು ಊಹಿಸುವ ಹಾಗೆ. ಅಪರೂಪದ ಹೆಸರೇ ನಿಮಗೆ ಬೇಕಿದ್ದರೆ, ಇಂದಿನ ಯಾವುದೇ ಯುಕೆಜಿ ತರಗತಿಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿನ ಮಗು ಒಂದೇ ಇರುತ್ತದೆ.

ಹಾಗೆಂದು ನೀವು ಆ ಹೆಸರನ್ನೇ ಇಡಬೇಕು ಎಂದು ನಾನು ಹೇಳುತ್ತಿಲ್ಲ. ಗೇಲಿಯ ವಿಷಯವನ್ನು ಹಿರಿಯರು ‘ಮಕ್ಕಳಾಟ’ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಿಂದೆ ಕೂಸುಗಳು ಉಳಿಯದ ಮನೆಗಳಲ್ಲಿ ಸಾವಿನ ಕಣ್ಣಿಗೆ ಬೀಳದಿರಲೆಂದು ತಿಪ್ಪ, ಗುಂಡ, ಕಲ್ಲ ಎಂಬಂಥ ಹೆಸರಿಡುತ್ತಿದ್ದರು. ಮಗು ಬದುಕಲಿ ಎಂಬ ಅಂಗಲಾಚಿಕೆ ಆ ಹೆಸರುಗಳಲ್ಲಿತ್ತು, ಕೇಳಿದ ನೆರೆಹೊರೆಗೂ ಅದು ತಿಳಿದಿತ್ತು. ನಾಯಕನಹಟ್ಟಿಯ ಗುರುವನ್ನು ಬಲ್ಲವರ ನಡುವೆ ತಿಪ್ಪೇಸ್ವಾಮಿ ಎಂದರೆ ಕೈ ಮುಗಿಯುವ ಹೆಸರು. ಇಂದಿನ ಶಾಲೆಯ ಆಟದ ಬಯಲಿನಲ್ಲಿ ಆ ತಿಳಿವಳಿಕೆಯನ್ನು ನಿರೀಕ್ಷಿಸುವಂತಿಲ್ಲ. ಶಿಕ್ಷಕಿಯಾಗಿ ನೀವು ಕಣ್ಣಾರೆ ಕಂಡದ್ದನ್ನು ಆಧರಿಸಿ ಹೆದರುತ್ತಿದ್ದೀರಿ, ಆ ಹೆದರಿಕೆ ನ್ಯಾಯವಾದದ್ದು. ಅತ್ತೆಯವರ ಮುಂದೆ ಮಾತಾಡುವಾಗ ‘ಹಳೆಯ ಹೆಸರು’ ಎಂಬ ಮಾತನ್ನು ಕೈಬಿಟ್ಟು, ‘ಮಾವನವರ ಹೆಸರನ್ನು ಯಾರಾದರೂ ಹಾಸ್ಯ ಮಾಡಿದರೆ ನನಗೆ ತಡೆದುಕೊಳ್ಳಲಾಗದು’ ಎಂದು ಹೇಳಿ. ಅದು ಸುಳ್ಳೂ ಅಲ್ಲ.

ಈಗ ಅತ್ತೆಯವರ ಕಡೆಯಿಂದ ನೋಡೋಣ. ನಮ್ಮ ಕಡೆಯ ಹಿರಿಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಅತ್ತೆಯವರೂ ಅದೇ ರೂಢಿಯಲ್ಲಿ ಬೆಳೆದವರಾದರೆ, ಮದುವೆಯಾದಾಗಿನಿಂದ ‘ಇವರು’, ‘ಯಜಮಾನರು’ ಎಂದೇ ಕರೆದ ಮನುಷ್ಯನ ಹೆಸರನ್ನು ಮೊಮ್ಮಗನಿಗೆ ಇಟ್ಟರೆ, ಆ ಮಗುವನ್ನು ಅವರು ಹೆಸರು ಹಿಡಿದು ಕೂಗಲಾರರು. ಹಿಂದಿನವರಿಗೆ ಇದು ಗೊತ್ತಿತ್ತು. ಹಿರಿಯರ ಹೆಸರಿಟ್ಟ ಮಗುವನ್ನು ಅಜ್ಜಿಯೂ ಕೂಗುವಂತಿಲ್ಲ, ಮಾವನ ಹೆಸರಾದ್ದರಿಂದ ಸೊಸೆಯೂ ಗದರುವಂತಿಲ್ಲ ಎಂದು, ಅಂಥ ಮಕ್ಕಳಿಗೆ ಅಜ್ಜಯ್ಯ, ಸ್ವಾಮಿ, ಅಪ್ಪಾಜಿ, ಪುಟ್ಟ ಎಂಬ ಕರೆಯುವ ಹೆಸರೊಂದು ಬೇರೆಯೇ ಇರುತ್ತಿತ್ತು. ಎರಡು ಹೆಸರು ಇಡುವುದೆಂದರೆ ಇಂದಿನವರು ಮಾಡಿಕೊಂಡ ರಾಜಿ ಎಂದು ಯಾರಾದರೂ ಮೂಗು ಮುರಿದರೆ, ಅದು ನಮ್ಮ ಮನೆಗಳ ಹಳೆಯ ಪದ್ಧತಿಯೇ ಎಂದು ಧೈರ್ಯವಾಗಿ ಹೇಳಿ. ಅತ್ತೆಯವರಿಗೆ ಬೇಕಿರುವುದು ಕೂಗುವುದಕ್ಕೊಂದು ಹೆಸರಲ್ಲ ಎಂದು ನಾನು ಭಾವಿಸುತ್ತೇನೆ. ತಮ್ಮ ಗಂಡನನ್ನು ಈ ಮನೆ ಇಷ್ಟು ಬೇಗ ಮರೆಯುವುದಿಲ್ಲ ಎಂಬ ಭರವಸೆ ಅವರಿಗೆ ಬೇಕಾಗಿದೆ, ಅದನ್ನು ಕೊಡಲು ನಿಮ್ಮಿಂದ ಸಾಧ್ಯ.

ಹೇಗೆಂದರೆ, ಮಾವನವರ ಹೆಸರಿನ ಮೂಲವಾದ ನಾಯಕನಹಟ್ಟಿಯ ಗುರುವಿನ ಹೆಸರನ್ನು ಪೂರ್ತಿಯಾಗಿ ಹೇಳಿ ನೋಡಿ: ತಿಪ್ಪೇರುದ್ರಸ್ವಾಮಿ. ಅದರೊಳಗೆ ರುದ್ರ ಇದ್ದಾನೆ. ಇಂದಿನ ಮಕ್ಕಳ ನಡುವೆ ರುದ್ರ ಎಂಬ ಹೆಸರು ಹಳತೆನಿಸುವುದಿಲ್ಲ, ಯಾರೂ ಗೇಲಿ ಮಾಡುವುದಿಲ್ಲ. ಅತ್ತೆಯವರೂ ಅದನ್ನು ಸಂಕೋಚವಿಲ್ಲದೆ ಕೂಗಬಹುದು, ಕೂಗಿದಾಗಲೆಲ್ಲ ತಮ್ಮ ಮನೆದೇವರನ್ನೇ ನೆನೆದಂತೆಯೂ ಆಗುತ್ತದೆ. ತೊಟ್ಟಿಲ ಶಾಸ್ತ್ರದಲ್ಲಿ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಪದ್ಧತಿ ನಿಮ್ಮಲ್ಲಿದ್ದರೆ, ಮೊದಲು ತಿಪ್ಪೇಸ್ವಾಮಿ ಎಂದು, ಅನಂತರ ರುದ್ರ ಎಂದು ಹೇಳಿಸಿ. ರುದ್ರ ನಿಮಗೆ ಹಿಡಿಸದೆ, ವಿಹಾನ್ ಅನ್ನು ಬಿಡಲು ಮನಸ್ಸು ಬಾರದೇ ಹೋದರೆ ಇನ್ನೊಂದು ದಾರಿಯಿದೆ. ನಮ್ಮಲ್ಲಿ ಅಜ್ಜನ ಹೆಸರು ಮಗನಿಗೆ ಇನಿಷಿಯಲ್ ಆಗಿ, ಮೊಮ್ಮಗನ ಹೊತ್ತಿಗೆ ಬಿದ್ದುಹೋಗುತ್ತದೆ. ನಿಮ್ಮ ಪತಿಯ ಇನಿಷಿಯಲ್‌ನಲ್ಲಿ ಅಡಗಿರುವ ತಿಪ್ಪೇಸ್ವಾಮಿಯನ್ನು ಬಿಡಿಸಿ, ಮಗುವಿನ ಹೆಸರಿನ ಕೊನೆಯಲ್ಲಿ ಪೂರ್ತಿಯಾಗಿ ಬರೆಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮನೆತನದ ಹೆಸರು ಯಾವುದೆಂದು ಕೇಳಿದಾಗ ಅದು ಉಪಯೋಗಕ್ಕೂ ಬರುತ್ತದೆ. ಎರಡರಲ್ಲಿ ನನಗೆ ಮೊದಲನೆಯದೇ ಹೆಚ್ಚು ಹಿಡಿಸುತ್ತದೆ. ಎರಡನೆಯದರಲ್ಲಿ ಮಾವನವರ ಹೆಸರು ಕಾಗದದಲ್ಲಿ ಮಾತ್ರ ಉಳಿಯುವ ಅಪಾಯವಿದೆ.

ಇದನ್ನು ಅತ್ತೆಯವರ ಮುಂದೆ ಇಡಬೇಕಾದವರು ನೀವಲ್ಲ, ನಿಮ್ಮ ಪತಿ. ತೀರಿಕೊಂಡವರು ಅವರ ತಂದೆ, ಹುಟ್ಟಿದವನು ಅವರ ಮಗ. ಈ ಎರಡರ ನಡುವೆ ನಿಂತು ‘ನೀವಿಬ್ಬರೂ ಒಪ್ಪಿದ್ದು’ ಎಂದು ಪಕ್ಕಕ್ಕೆ ಸರಿಯುವುದು ನ್ಯಾಯವಲ್ಲ. ಬಹುಶಃ ಅವರಿಗೂ ತಂದೆಯ ಹೆಸರೆತ್ತಿದರೆ ಗಂಟಲು ಕಟ್ಟುತ್ತಿರಬಹುದು, ಅದಕ್ಕೇ ಮಾತು ತಪ್ಪಿಸುತ್ತಿರಬಹುದು. ಈ ಪುಟವನ್ನು ಅವರ ಕೈಗೆ ಕೊಡಿ. ಅವರು ಊರಿಗೆ ಹೋಗಿ ತಾಯಿಯ ಜೊತೆ ಕುಳಿತು, ಮೊದಲು ಅಪ್ಪನ ಬಗ್ಗೆ ಮಾತಾಡಲಿ. ಹೆಸರಿನ ವಿಷಯ ಆಮೇಲೆ ಬರಲಿ. ಇಷ್ಟಾದರೂ ಅತ್ತೆಯವರು ಒಪ್ಪದಿದ್ದರೆ, ತೀರ್ಮಾನ ತಂದೆತಾಯಿಗಳಾದ ನಿಮ್ಮಿಬ್ಬರದು. ಆದರೆ ಅದನ್ನು ಇಬ್ಬರೂ ಸೇರಿ ಹೇಳಿ, ಸೊಸೆಯೊಬ್ಬಳ ಹಟವೆಂದು ಅದು ಊರಿನಲ್ಲಿ ಉಳಿಯಬಾರದು.

ಅವಸರಕ್ಕೂ ಕಾರಣವಿಲ್ಲ. ಹೆಸರಿಲ್ಲದೆ ಜನನ ನೋಂದಣಿ ಆಗಿದ್ದರೆ, ನೋಂದಣಿಯ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅನಂತರವೂ 15 ವರ್ಷಗಳವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ತೊಟ್ಟಿಲ ಶಾಸ್ತ್ರದ ದಿನಾಂಕಕ್ಕೂ ಕಚೇರಿಯ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ಒಮ್ಮೆ ಸೇರಿಸಿದ ಹೆಸರನ್ನು ಬದಲಿಸುವುದು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ದಾಖಲಾತಿಯಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಮಾವನವರ ಹೆಸರನ್ನು ಕೊನೆಯಲ್ಲಿ ಸೇರಿಸುವುದಾದರೆ, ಅದರ ಇಂಗ್ಲಿಷ್ ಕಾಗುಣಿತ ಪತಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಹೇಗಿದೆಯೋ ಹಾಗೆಯೇ ಇದೆಯೇ ಎಂದು ನೋಡಿದ ಮೇಲೆ ಅರ್ಜಿಗೆ ಸಹಿ ಹಾಕಿ.