ಇಬ್ಬರು ಗುಮಾಸ್ತರು, ಒಂದೇ ಖಾತೆ ಪುಸ್ತಕ

ಪ್ರಶ್ನೆ: ಶಿರಸಿಯ ಅಡಿಕೆ ವ್ಯಾಪಾರದ ಕಚೇರಿಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಇನ್ನೂರು ಜನರ ಇ-ಮೇಲ್‌ಗಾಗಿ ಡವ್‌ಕಾಟ್ (ಪತ್ರಗಳನ್ನು ಇಟ್ಟುಕೊಂಡು ಬಳಕೆದಾರರಿಗೆ ಕೊಡುವ ತಂತ್ರಾಂಶ) ಇರುವ ಎರಡು ಸರ್ವರ್ ಹೂಡಿ, ಮುಂದೆ ಬಂದವರನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟಿದ್ದೇನೆ. ಪತ್ರಗಳೆಲ್ಲ ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಒಂದೇ ಡಿಸ್ಕ್ ಪೆಟ್ಟಿಗೆಯಲ್ಲಿವೆ. ಓದಿದ ಪತ್ರ ಮತ್ತೆ ಓದದ್ದೆಂದು ಕಾಣುತ್ತದೆ. ಇಂಡೆಕ್ಸ್ (ಯಾವ ಪತ್ರ ಎಲ್ಲಿದೆ, ಓದಿದ್ದೋ ಇಲ್ಲವೋ ಎಂಬ ಪಟ್ಟಿ) ಕೆಟ್ಟಿದೆ ಎಂಬ ದೂರಿನಿಂದ ಲಾಗ್ ತುಂಬಿದೆ. ಡಿಸ್ಕ್ ಬದಲಿಸಬೇಕೇ ಸರ್?

ಉತ್ತರ: ಡಿಸ್ಕ್ ನಿರಪರಾಧಿ. ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಪತ್ರವೂ ಬೇರೆ ಕಡತ. ಇಬ್ಬರು ಒಟ್ಟಿಗೆ ತಂದು ಹಾಕಿದರೂ ತಂಟೆಯಿಲ್ಲ. ಜಗಳವೆಲ್ಲ ಡವ್‌ಕಾಟ್ ಬರೆಯುವ ಇಂಡೆಕ್ಸ್‌ನದು. ಎನ್‌ಎಫ್‌ಎಸ್‌ನಲ್ಲಿ ಪ್ರತಿ ಸರ್ವರೂ ಕಡತದ ವಿವರವನ್ನು ಕೆಲಹೊತ್ತು ತನ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 3ರಿಂದ 60 ಸೆಕೆಂಡ್. ನಿಮ್ಮ ಯಜಮಾನರ ಮೊಬೈಲ್ ಒಂದು ಸರ್ವರಿಗೂ ಮೇಜಿನ ಕಂಪ್ಯೂಟರ್ ಇನ್ನೊಂದಕ್ಕೂ ಹೋದರೆ, ವಖಾರಿಯ ಇಬ್ಬರು ಗುಮಾಸ್ತರು ನಿನ್ನೆಯ ಶಿಲ್ಕನ್ನೇ ನಂಬಿ ಒಂದೇ ಪುಸ್ತಕದಲ್ಲಿ ಬರೆದಂತಾಗುತ್ತದೆ.

ಒಬ್ಬ ಬಳಕೆದಾರ ಯಾವಾಗಲೂ ಒಂದೇ ಸರ್ವರಿಗೆ ಹೋಗಬೇಕು. ಐಪಿ ವಿಳಾಸ ನೋಡಿ ಹಂಚುವುದರಿಂದ ಇದು ಸಾಧ್ಯವಿಲ್ಲ: ಮೊಬೈಲಿನ ವಿಳಾಸವೇ ಬೇರೆ. ಹಿಂದೆ ಡವ್‌ಕಾಟ್‌ನ ಡೈರೆಕ್ಟರ್ ಎಂಬ ಭಾಗ ಈ ಕೆಲಸ ಮಾಡುತ್ತಿತ್ತು, 2.4ರ ಉಚಿತ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಎರಡೂ ಸರ್ವರ್‌ಗಳ ಮುಂದೆ ಡವ್‌ಕಾಟ್ ಪ್ರಾಕ್ಸಿ (ಬಂದವರನ್ನು ಸರಿಯಾದ ಸರ್ವರಿಗೆ ದಾಟಿಸುವ ಮಧ್ಯವರ್ತಿ) ಇಟ್ಟು, ಯಾರ ಹೆಸರು ಯಾವ ಸರ್ವರಿಗೆಂದು ಪಟ್ಟಿ ಕೊಡಿ. ಹೊಸ ಪತ್ರ ಬಂದಾಗಲೂ ಇಂಡೆಕ್ಸ್ ಬದಲಾಗುತ್ತದೆ, ಆದ್ದರಿಂದ ಒಳಬರುವ ಪತ್ರಗಳನ್ನು ಡವ್‌ಕಾಟ್‌ಗೆ ಒಪ್ಪಿಸುವ ಎಲ್‌ಎಂಟಿಪಿಯೂ ಅದೇ ಪ್ರಾಕ್ಸಿಯ ಮೂಲಕವೇ ಹೋಗಲಿ. ಇದನ್ನು ಮರೆತು ತಲೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ. ಡವ್‌ಕಾಟ್‌ನಲ್ಲಿ ಎಂಮ್ಯಾಪ್ (ಕಡತವನ್ನು ಮೆಮೊರಿಗೆ ಜೋಡಿಸಿಕೊಂಡು ಬಳಸುವ ರೀತಿ) ನಿಲ್ಲಿಸಿ, ಎರಡೂ ಸರ್ವರ್‌ಗಳ ಗಡಿಯಾರಗಳನ್ನು ಸಮಯ ಸರಿಪಡಿಸುವ ಎನ್‌ಟಿಪಿಗೆ ಕಟ್ಟಿ.

ಹೊರಗಿನಿಂದ ಬರುವ ಪತ್ರಗಳ ಚಿಂತೆ ಬೇಡ. ನಿಮ್ಮಲ್ಲಿ ರಾತ್ರಿಯಿಡೀ ಕರೆಂಟ್ ಹೋದರೂ ಕಳುಹಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಯತ್ನಿಸುತ್ತವೆ.

ಕೇಳದಿದ್ದರೂ ಹೇಳುತ್ತೇನೆ: ಇನ್ನೂರು ಜನರಿಗೆ ಒಂದೇ ಸರ್ವರ್ ಧಾರಾಳ. ನಾನು ಕಾರವಾರದಲ್ಲಿದ್ದಾಗ ನಮ್ಮ ಕಚೇರಿಯಲ್ಲೂ ನಿಮ್ಮದೇ ಏರ್ಪಾಡು. ಒಂದು ಮೇ ತಿಂಗಳ ಸಿಡಿಲಿಗೆ ಡಿಸ್ಕ್ ಪೆಟ್ಟಿಗೆ ಸುಟ್ಟಿತು. ಎರಡೂ ಸರ್ವರ್ ಹಸಿರು ದೀಪ ಮಿನುಗಿಸುತ್ತ ನಿಂತಿದ್ದವು, ಕೊಡಲು ಒಂದು ಪತ್ರವೂ ಇರಲಿಲ್ಲ. ಬ್ಯಾಕಪ್ ಇತ್ತು, ಅದೇ ಪೆಟ್ಟಿಗೆಯಲ್ಲಿ.